ಪಟ್ಟಿಯ ಕೊನೆಯ ಸಾಲು

ಓದುಗರೊಬ್ಬರು ಒಂದು ಪಟ್ಟಿಯನ್ನು ಕಳುಹಿಸಿ ಅಭಿಪ್ರಾಯ ಕೇಳಿದ್ದಾರೆ. ಅವರ ಮಗ ಕನ್ನಡ ಮಾಧ್ಯಮದಲ್ಲಿ ಎಸ್.ಎಸ್.ಎಲ್.ಸಿ. ಮುಗಿಸಿ ಪ್ಲಸ್ ವನ್ ಸೇರಿದ ಹುಡುಗ. ಶಾಲೆಯಲ್ಲಿ ಲಿಟಲ್ ಕೈಟ್ಸ್ ಘಟಕದ ಸದಸ್ಯನಾಗಿದ್ದವನು. ಸಿದ್ಧ ಕಂಪ್ಯೂಟರ್ ಬೇಡ, ಬಿಡಿಭಾಗಗಳನ್ನು ತಂದು ಮನೆಯಲ್ಲಿಯೇ ಜೋಡಿಸುತ್ತೇನೆ, ಆಟಗಳಿಗೆ ಒದಗುವಂತೆ ಅದರ ವೇಗವನ್ನೂ ಏರಿಸುತ್ತೇನೆ ಎಂಬುದು ಅವನ ಹಟ. ಪಟ್ಟಿಯಲ್ಲಿ ಪ್ರೊಸೆಸರ್, ಮದರ್‌ಬೋರ್ಡ್, ಗ್ರಾಫಿಕ್ಸ್ ಕಾರ್ಡ್, ಮೆಮೊರಿ ಇವುಗಳ ಮುಂದೆ ಕಂಪೆನಿ, ಮಾದರಿ, ಬೆಲೆ ಎಲ್ಲವನ್ನೂ ಅಚ್ಚುಕಟ್ಟಾಗಿ ಬರೆದಿದ್ದಾನೆ. ಕೊನೆಯ ಸಾಲಿನಲ್ಲಿ ಮಾತ್ರ 'ಎಸ್‌ಎಂಪಿಎಸ್: ಕ್ಯಾಬಿನೆಟ್ ಜೊತೆ ಬರುವುದು' ಎಂದಷ್ಟೇ ಇದೆ. ತಂದೆಯ ಪ್ರಶ್ನೆ ಇಷ್ಟು: "ವಕೀಲರೇ, ಇಷ್ಟು ದುಡ್ಡು ಹಾಕಿದ ಮೇಲೆ ಏನಾದರೂ ಸುಟ್ಟುಹೋದರೆ ಯಾರನ್ನು ಹಿಡಿಯುವುದು?"

ಯಾರನ್ನು ಹಿಡಿಯಬೇಕೆಂಬುದು ಬಹುಮಟ್ಟಿಗೆ ಆ ಕೊನೆಯ ಸಾಲಿನಲ್ಲಿಯೇ ನಿರ್ಧಾರವಾಗುತ್ತದೆ. ಕಂಪ್ಯೂಟರಿನ ಬೇರಾವ ಭಾಗ ಕೆಟ್ಟರೂ ಸಾಮಾನ್ಯವಾಗಿ ಆ ಭಾಗ ಮಾತ್ರ ಹೋಗುತ್ತದೆ. ಎಸ್‌ಎಂಪಿಎಸ್ ಹಾಗಲ್ಲ. ಗೋಡೆಯ 230 ವೋಲ್ಟಿನ ಎ.ಸಿ. ವಿದ್ಯುತ್ತನ್ನು 12, 5 ಮತ್ತು 3.3 ವೋಲ್ಟಿನ ಡಿ.ಸಿ. ವಿದ್ಯುತ್ತಾಗಿ ಇಳಿಸಿ ಎಲ್ಲ ಭಾಗಗಳಿಗೂ ಹಂಚುವುದು ಅದೊಂದೇ. ಅದು ಕೆಟ್ಟ ರೀತಿಯಲ್ಲಿ ಕೆಟ್ಟರೆ, ತನಗೆ ತಗಲಿಕೊಂಡಿರುವ ಮದರ್‌ಬೋರ್ಡು, ಡಿಸ್ಕು, ಕಾರ್ಡುಗಳನ್ನೂ ಜೊತೆಗೆ ಕೊಂಡೊಯ್ಯಬಲ್ಲದು. ಒಂದು ಕಡೆ ಮನೆಯ ವೈರಿಂಗಿಗೂ ಇನ್ನೊಂದು ಕಡೆ ಮಕ್ಕಳ ಕೈ ತಗಲುವ ಲೋಹದ ಪೆಟ್ಟಿಗೆಗೂ ಸಂಬಂಧ ಉಳ್ಳ ಭಾಗವೂ ಅದೊಂದೇ. ಹೀಗಿದ್ದೂ ಹಣ ಸಾಲದಾದಾಗ ಮೊದಲು ಕತ್ತರಿ ಬೀಳುವುದು ಅದಕ್ಕೆ. ಅಂಗಡಿಯವನು ಕ್ಯಾಬಿನೆಟ್ಟಿನೊಳಗೆ ಮೊದಲೇ ಕೂರಿಸಿ ಕೊಡುವ ಹೆಸರಿಲ್ಲದ ಪೆಟ್ಟಿಗೆಯೊಂದರ ಮೇಲೆ ಹುಡುಗನ ಅಷ್ಟೂ ಆಸೆ ನಿಂತಿರುತ್ತದೆ.

ವೇಗ ಏರಿಸುವುದೆಂದರೆ, ಅಂದರೆ ಓವರ್‌ಕ್ಲಾಕಿಂಗ್ ಎಂದರೆ ಏನೆಂಬುದನ್ನು ಹಿರಿಯರು ತಿಳಿದಿರುವುದು ಒಳ್ಳೆಯದು. ಪ್ರೊಸೆಸರಿನ ಗಡಿಯಾರದ ಮಿಡಿತಕ್ಕೆ ತಯಾರಕರು ಒಂದು ಮಿತಿಯನ್ನು ಗೊತ್ತುಪಡಿಸಿರುತ್ತಾರೆ. ಆ ಮಿತಿಯನ್ನು ದಾಟಿಸಿ ಓಡಿಸುವುದೇ ಓವರ್‌ಕ್ಲಾಕಿಂಗ್. 1998ರಲ್ಲಿ ಬಂದ ಇಂಟೆಲ್ ಸೆಲೆರಾನ್ 300ಎ ಎಂಬ ಅಗ್ಗದ ಪ್ರೊಸೆಸರನ್ನು 300 ಮೆಗಾಹರ್ಟ್ಜ್‌ನಿಂದ 450ಕ್ಕೆ ಏರಿಸಿ ಓಡಿಸಿದವರು ಲೋಕದಲ್ಲೆಲ್ಲ ಇದ್ದರು. ಬಿಡಿಕಾಸು ಕೊಡದೆ ಒಂದೂವರೆ ಪಟ್ಟು ಲಾಭ! ಇಂದಿನ ಸ್ಥಿತಿ ಬೇರೆ. ಈಗಿನ ಪ್ರೊಸೆಸರುಗಳು ತಮ್ಮಷ್ಟಕ್ಕೆ ತಾವೇ ಬಹುಪಾಲು ಮಿತಿಯವರೆಗೆ ಏರುತ್ತವೆ. ಮನುಷ್ಯಪ್ರಯತ್ನಕ್ಕೆ ಉಳಿದಿರುವ ಲಾಭ ಅಲ್ಪ. ಆದರೆ ವಿದ್ಯುತ್ತಿನ ವೆಚ್ಚ ಅಲ್ಪವಲ್ಲ. ಪ್ರೊಸೆಸರು ಹೀರುವ ವಿದ್ಯುತ್ತು ವೇಗಕ್ಕೆ ಅನುಗುಣವಾಗಿಯೂ ವೋಲ್ಟೇಜಿನ ವರ್ಗಕ್ಕೆ ಅನುಗುಣವಾಗಿಯೂ ಏರುತ್ತದೆ. ವೇಗವನ್ನು ಶೇ. 10ರಷ್ಟು ಏರಿಸಲು ವೋಲ್ಟೇಜನ್ನೂ ಶೇ. 10ರಷ್ಟು ಏರಿಸಬೇಕಾಯಿತೆನ್ನಿ. 1.1ನ್ನು ಮೂರು ಬಾರಿ ಗುಣಿಸಿದರೆ 1.33. ಹತ್ತರಷ್ಟು ವೇಗಕ್ಕೆ ಮೂವತ್ತಮೂರರಷ್ಟು ವಿದ್ಯುತ್ತು. ಈ ಹೆಚ್ಚುವರಿ ಹೊರೆಯೆಲ್ಲ ಬೀಳುವುದು ಎಸ್‌ಎಂಪಿಎಸ್‌ನ 12 ವೋಲ್ಟಿನ ಸಾಲಿನ ಮೇಲೆ.

ಎಲ್ಲ ಪ್ರೊಸೆಸರುಗಳಿಗೂ ಇದು ಸಾಧ್ಯವಿಲ್ಲವೆಂಬುದೂ ಗಮನಕ್ಕಿರಲಿ. ಇಂಟೆಲ್‌ನಲ್ಲಿ ಸಾಮಾನ್ಯವಾಗಿ ಹೆಸರಿನ ಕೊನೆಗೆ 'ಕೆ' ಅಕ್ಷರವಿರುವವಕ್ಕೆ, ಅದೂ ಜೆಡ್ ಸಾಲಿನ ಮದರ್‌ಬೋರ್ಡಿನಲ್ಲಿ ಮಾತ್ರ ಈ ಸೌಲಭ್ಯವಿದೆ. ಎಎಂಡಿಯ ರೈಜೆನ್‌ಗಳಲ್ಲಿ ಬಹುತೇಕ ಎಲ್ಲಕ್ಕೂ ಇದೆ. ಆದರೆ 'ಎ' ಸಾಲಿನ ಅಗ್ಗದ ಮದರ್‌ಬೋರ್ಡುಗಳಲ್ಲಿ ಇಲ್ಲ. ಆಗದ ಕೆಲಸಕ್ಕೆ ಹಣ ಸುರಿಯುವ ಮುನ್ನ ಇಷ್ಟನ್ನು ಪಟ್ಟಿಯೊಂದಿಗೆ ತಾಳೆ ನೋಡಬಹುದು.

ಈಗ ಮುಖ್ಯ ವಿಷಯಕ್ಕೆ ಬರೋಣ. ಎಸ್‌ಎಂಪಿಎಸ್‌ನ ಮೈಮೇಲೆ ಒಂದು ಚೀಟಿ ಅಂಟಿಸಿರುತ್ತಾರೆ. ವಕೀಲನಾದ ನನಗೆ ಅದು ಒಂದು ದಸ್ತಾವೇಜಿನಂತೆ ಕಾಣುತ್ತದೆ. ದಸ್ತಾವೇಜಿನ ಶಿರೋನಾಮೆಯನ್ನು ನಂಬಿ ಯಾರೂ ಜಾಗ ಕೊಳ್ಳುವುದಿಲ್ಲ. ಒಳಗಿನ ಷೆಡ್ಯೂಲನ್ನು ಓದುತ್ತಾರೆ. ಇಲ್ಲಿಯೂ ದಪ್ಪಕ್ಷರದ '450 ವ್ಯಾಟ್' ಎಂಬುದು ಶಿರೋನಾಮೆ. ಕೆಳಗಿರುವ ಸಣ್ಣಕ್ಷರದ ಕೋಷ್ಟಕವೇ ಷೆಡ್ಯೂಲು. ಅದೆಲ್ಲ ಇಂಗ್ಲಿಷಿನಲ್ಲಿದೆ, ನಮಗೆ ತಿಳಿಯದು ಎಂದು ನಮ್ಮ ಮನೆಗಳಲ್ಲಿ ಹಿಂಜರಿಯುವುದುಂಟು. ಆ ಕೋಷ್ಟಕದಲ್ಲಿ ಭಾಷೆಯೇ ಇಲ್ಲ, ಅಂಕಿಗಳಿವೆ. ವೋಲ್ಟನ್ನು ಆಂಪಿಯರಿನಿಂದ ಗುಣಿಸಿದರೆ ವ್ಯಾಟ್ ಎಂಬುದನ್ನು ಹುಡುಗ ಹೈಸ್ಕೂಲಿನ ಭೌತವಿಜ್ಞಾನದಲ್ಲಿ ಕನ್ನಡದಲ್ಲಿಯೇ ಕಲಿತಿದ್ದಾನೆ. ಅಷ್ಟು ಸಾಕು.

ಅಗ್ಗದ ಪೆಟ್ಟಿಗೆಯ ಚೀಟಿಯೊಂದನ್ನು ಊಹಿಸಿಕೊಳ್ಳಿ. 12 ವೋಲ್ಟಿಗೆ 18 ಆಂಪಿಯರ್, 5 ವೋಲ್ಟಿಗೆ 30 ಆಂಪಿಯರ್, 3.3 ವೋಲ್ಟಿಗೆ 20 ಆಂಪಿಯರ್ ಎಂದಿದೆ. ಗುಣಿಸಿದರೆ ಕ್ರಮವಾಗಿ 216, 150, 66 ವ್ಯಾಟ್. ಉಳಿದ ಚಿಲ್ಲರೆ ಸಾಲುಗಳನ್ನೂ ಕೂಡಿಸಿದರೆ ಮೊತ್ತ 450ರ ಹತ್ತಿರ ಬರುತ್ತದೆ. ಲೆಕ್ಕದಲ್ಲಿ ಸುಳ್ಳಿಲ್ಲ. ಆದರೆ ಇಂದಿನ ಕಂಪ್ಯೂಟರಿನಲ್ಲಿ ಪ್ರೊಸೆಸರು, ಗ್ರಾಫಿಕ್ಸ್ ಕಾರ್ಡು ಎರಡೂ ಕುಡಿಯುವುದು 12 ವೋಲ್ಟಿನ ಸಾಲಿನಿಂದ. 5 ಮತ್ತು 3.3ರ ಸಾಲುಗಳಿಗೆ ಕೆಲಸವೇ ಕಡಿಮೆ. ಆದುದರಿಂದ ನಮ್ಮ ಹುಡುಗನ ಪಾಲಿಗೆ ಈ '450'ರ ಬೆಲೆ 216 ಮಾತ್ರ. ಒಳ್ಳೆಯ ತಯಾರಿಕೆಯ 650 ವ್ಯಾಟಿನ ಪೆಟ್ಟಿಗೆಯಲ್ಲಿ 12 ವೋಲ್ಟಿನ ಮುಂದೆ 54 ಆಂಪಿಯರ್ ಎಂದಿರುತ್ತದೆ. ಗುಣಿಸಿ ನೋಡಿದರೆ 648. ಶಿರೋನಾಮೆಗೂ ಷೆಡ್ಯೂಲಿಗೂ ಹೊಂದಿಕೆ ಇದೆ ಎಂದರೆ ಇದು. ಅಂಗಡಿಯಲ್ಲಿ ನಿಂತು ಅರ್ಧ ನಿಮಿಷದಲ್ಲಿ ಮಾಡಬಹುದಾದ ಈ ಪರೀಕ್ಷೆಯೊಂದರಿಂದಲೇ ಕಪಾಟಿನಲ್ಲಿರುವ ಎಷ್ಟೋ ಪೆಟ್ಟಿಗೆಗಳು ಉರುಳಿಹೋಗುತ್ತವೆ.

ಎಷ್ಟು ವ್ಯಾಟ್ ಬೇಕು? ಹುಡುಗನ ಪಟ್ಟಿಯಲ್ಲಿರುವುದು ರೈಜೆನ್ 5 7600ಎಕ್ಸ್ ಪ್ರೊಸೆಸರು ಮತ್ತು ಆರ್‌ಟಿಎಕ್ಸ್ 4070 ಕಾರ್ಡು. ಆ ಪ್ರೊಸೆಸರಿಗೆ ಚೀಟಿಯಲ್ಲಿ 105 ವ್ಯಾಟ್ ಎಂದಿದ್ದರೂ ಗರಿಷ್ಠ ಮಿತಿ 142. ಕಾರ್ಡು 200. ಮದರ್‌ಬೋರ್ಡು, ಡಿಸ್ಕು, ಫ್ಯಾನುಗಳಿಗೆಲ್ಲ ಸೇರಿ 60 ಎಂದಿಟ್ಟರೆ ಸುಮಾರು 400 ವ್ಯಾಟ್. ವೇಗ ಏರಿಸಲು ಪ್ರೊಸೆಸರಿಗೆ ಇನ್ನು 40 ವ್ಯಾಟ್, ಕಾರ್ಡಿಗೆ ಶೇ. 10 ಹೆಚ್ಚು ಬಿಟ್ಟರೂ 460ರ ಆಸುಪಾಸು. 650 ವ್ಯಾಟಿನ ಒಂದು ಪ್ರಾಮಾಣಿಕ ಎಸ್‌ಎಂಪಿಎಸ್ ಇದಕ್ಕೆ ಧಾರಾಳವಾಗಿ ಸಾಕು. ಎನ್ವಿಡಿಯಾ ಕಂಪೆನಿ ಆ ಕಾರ್ಡಿಗೆ ಸೂಚಿಸಿರುವುದೂ 650 ವ್ಯಾಟನ್ನೇ. 1000 ವ್ಯಾಟ್ ಇದ್ದರೆ ವೇಗ ಹೆಚ್ಚುತ್ತದೆಂದು ಹುಡುಗರಲ್ಲಿ ಒಂದು ಭಾವನೆ ಇದೆ. ದೊಡ್ಡ ಟ್ಯಾಂಕಿ ಕಟ್ಟಿಸಿದ ಮಾತ್ರಕ್ಕೆ ಬಚ್ಚಲಲ್ಲಿ ನೀರು ಹೆಚ್ಚು ರಭಸದಿಂದ ಬೀಳುವುದಿಲ್ಲ.

ಆದರೆ ಸರಾಸರಿ ಲೆಕ್ಕವೊಂದೇ ಸಾಲದು. ಆಧುನಿಕ ಗ್ರಾಫಿಕ್ಸ್ ಕಾರ್ಡುಗಳು ಕಣ್ಣು ಮಿಟುಕಿಸುವುದಕ್ಕಿಂತಲೂ ಕಡಿಮೆ ಹೊತ್ತು ತಮ್ಮ ಸಾಮಾನ್ಯ ಅಂಕಿಯನ್ನು ಬಹುವಾಗಿ ಮೀರಿ ಜಿಗಿಯುತ್ತವೆ. ಆಟದ ನಡುವೆ ಕಂಪ್ಯೂಟರು ಒಮ್ಮೆಲೇ ಆರಿ ಮತ್ತೆ ಹೊತ್ತಿಕೊಳ್ಳುವುದಕ್ಕೆ ಎಷ್ಟೋ ಸಲ ಕಾರಣ ಇದು. 2022ರಲ್ಲಿ ಇಂಟೆಲ್ ಪ್ರಕಟಿಸಿದ ಎಟಿಎಕ್ಸ್ 3.0 ಎಂಬ ಮಾರ್ಗದರ್ಶಿ ಈ ಜಿಗಿತವನ್ನು ಲೆಕ್ಕಕ್ಕೆ ತೆಗೆದುಕೊಂಡಿತು: 450 ವ್ಯಾಟ್ ಮೀರಿದ, ಹೊಸ ಬಗೆಯ ಕಾರ್ಡ್ ಕನೆಕ್ಟರ್ ಇರುವ ಎಸ್‌ಎಂಪಿಎಸ್ ತನ್ನ ಸಾಮರ್ಥ್ಯದ ಇಮ್ಮಡಿ ಹೊರೆಯನ್ನು 100 ಮೈಕ್ರೋಸೆಕೆಂಡುಗಳ ಕಾಲ ತಾಳಬೇಕು. ಹೊಸದಾಗಿ ಕೊಳ್ಳುವವರು ಪೆಟ್ಟಿಗೆಯ ಮೇಲೆ ಎಟಿಎಕ್ಸ್ 3.0 ಅಥವಾ 3.1 ಎಂದಿದೆಯೇ ಎಂದು ನೋಡುವುದು ಒಳ್ಳೆಯದು. ಕಾರ್ಡಿಗೆ ಎರಡು ವಿದ್ಯುತ್ ಜೋಡಣೆಗಳು ಬೇಕಿದ್ದರೆ ಎರಡು ಬೇರೆ ಬೇರೆ ಕೇಬಲ್ಲುಗಳಿಂದ ಕೊಡಬೇಕು; ಒಂದೇ ಕೇಬಲ್ಲಿನ ಕವಲುಗಳಿಂದಲ್ಲ. ಇನ್ನೊಂದು ಮಾತು: ಬಿಚ್ಚಿ ಜೋಡಿಸಬಹುದಾದ ಕೇಬಲ್ಲುಗಳಿರುವ ಎಸ್‌ಎಂಪಿಎಸ್‌ಗೆ ಇನ್ನೊಂದರ ಕೇಬಲ್ಲನ್ನು ಎಂದಿಗೂ ಸಿಕ್ಕಿಸಬಾರದು. ತುದಿ ಸರಿಯಾಗಿಯೇ ಕೂರುತ್ತದೆ. ಒಳಗಿನ ತಂತಿಗಳ ಅನುಕ್ರಮ ಮಾತ್ರ ಕಂಪೆನಿಯಿಂದ ಕಂಪೆನಿಗೆ, ಕೆಲವೊಮ್ಮೆ ಒಂದೇ ಕಂಪೆನಿಯ ಮಾದರಿಯಿಂದ ಮಾದರಿಗೆ ಬೇರೆ. 5 ವೋಲ್ಟ್ ಬೇಕಾದಲ್ಲಿ 12 ವೋಲ್ಟ್ ನುಗ್ಗಿದರೆ ಡಿಸ್ಕಿನಲ್ಲಿರುವ ಫೋಟೋಗಳೂ ಪಾಠಗಳೂ ಒಂದೇ ಕ್ಷಣದಲ್ಲಿ ಹೋದವೆಂದೇ ಲೆಕ್ಕ.

'80 ಪ್ಲಸ್' ಎಂಬ ಮುದ್ರೆಯನ್ನು ಕುರಿತು ಅಂಗಡಿಯವರು ಬಹಳ ಹೇಳುತ್ತಾರೆ. ಬ್ರಾಂಜ್, ಗೋಲ್ಡ್ ಇತ್ಯಾದಿ ದರ್ಜೆಗಳು ಅಳೆಯುವುದು ದಕ್ಷತೆಯನ್ನು, ಎಂದರೆ ಗೋಡೆಯಿಂದ ಎಳೆದ ವಿದ್ಯುತ್ತಿನಲ್ಲಿ ಎಷ್ಟು ಪಾಲು ಕಂಪ್ಯೂಟರಿಗೆ ತಲುಪಿತು ಎಂಬುದನ್ನು. 115 ವೋಲ್ಟಿನ ಪರೀಕ್ಷೆಯಲ್ಲಿ ಅರ್ಧ ಹೊರೆಗೆ ಬ್ರಾಂಜಿಗೆ ಶೇ. 85, ಗೋಲ್ಡಿಗೆ ಶೇ. 90. ಈ ವ್ಯತ್ಯಾಸವನ್ನು ನಮ್ಮ ಮನೆಯ ಬಿಲ್ಲಿಗೆ ಅನ್ವಯಿಸೋಣ. ದಿನಕ್ಕೆ ಮೂರು ಗಂಟೆ 400 ವ್ಯಾಟ್ ಬಳಸಿದರೆ ಗೋಡೆಯಿಂದ ಎಳೆಯುವುದು ಒಂದರಲ್ಲಿ 470 ವ್ಯಾಟ್, ಇನ್ನೊಂದರಲ್ಲಿ 444. ಕೆ.ಎಸ್.ಇ.ಬಿ.ಯ ಎರಡು ತಿಂಗಳ ಬಿಲ್ಲಿನಲ್ಲಿ ಐದು ಯೂನಿಟ್ಟೂ ಉಳಿಯುವುದಿಲ್ಲ. ಆದುದರಿಂದ ವಿದ್ಯುತ್ ಉಳಿತಾಯದ ಆಸೆಗೆ ಗೋಲ್ಡ್ ಕೊಳ್ಳುವ ಅಗತ್ಯವಿಲ್ಲ. ಈ ಪರೀಕ್ಷೆ ನಡೆಯುವುದು ಸುಮಾರು 23 ಡಿಗ್ರಿಯ ತಂಪಿನಲ್ಲಿ ಎಂಬುದೂ ತಿಳಿದಿರಲಿ. ಮೇ ತಿಂಗಳಲ್ಲಿ ಶೀಟು ಹೊದಿಸಿದ ಮಹಡಿಯ ಕೋಣೆಯಲ್ಲಿ, ಮುಚ್ಚಿದ ಪೆಟ್ಟಿಗೆಯೊಳಗೆ ಇರುವ ಬಿಸಿಯೇ ಬೇರೆ. ಒಳ್ಳೆಯ ತಯಾರಕರು ತಮ್ಮ ಪೂರ್ಣ ಸಾಮರ್ಥ್ಯವನ್ನು 40 ಅಥವಾ 50 ಡಿಗ್ರಿಯಲ್ಲಿ ಕೊಡುತ್ತೇವೆಂದು ಬರೆದುಕೊಡುತ್ತಾರೆ. ಮುದ್ರೆಗಿಂತ ಆ ಮಾತಿಗೆ ನಾನು ಹೆಚ್ಚು ಬೆಲೆ ಕೊಡುತ್ತೇನೆ. ಮುದ್ರೆ ಇದ್ದರೆ, ಆ ಮಾದರಿಯ ಹೆಸರು 80 ಪ್ಲಸ್‌ನ ಅಧಿಕೃತ ಪಟ್ಟಿಯಲ್ಲಿ ನಿಜವಾಗಿ ಇದೆಯೇ ಎಂದು ಮೊಬೈಲಿನಲ್ಲಿ ನೋಡಬಹುದು. ಅಲ್ಲಿಲ್ಲದ ಮುದ್ರೆ ಚಿತ್ರ ಮಾತ್ರ.

ದಕ್ಷತೆಗಿಂತ ಮುಖ್ಯವಾದುದು ರಕ್ಷಣೆ. ವೋಲ್ಟೇಜು ಮಿತಿ ಮೀರಿದರೆ, ತೀರ ಇಳಿದರೆ, ಪ್ರವಾಹ ಹೆಚ್ಚಿದರೆ, ಒಟ್ಟು ಹೊರೆ ಮೀರಿದರೆ, ತಂತಿಗಳು ಒಂದಕ್ಕೊಂದು ತಗಲಿದರೆ, ಬಿಸಿ ಏರಿದರೆ ತಾನೇ ಆರಿಹೋಗುವ ವ್ಯವಸ್ಥೆ ಒಳ್ಳೆಯ ಎಸ್‌ಎಂಪಿಎಸ್‌ನಲ್ಲಿರುತ್ತದೆ. 12 ವೋಲ್ಟಿನ ಸಾಲು ಗೊತ್ತಾದ ಮಿತಿಯೊಳಗಿರಬೇಕು, ಅದರ ಮೇಲಿನ ಕಂಪನ 120 ಮಿಲಿವೋಲ್ಟ್ ಮೀರಬಾರದು ಎಂಬುದು ಎಟಿಎಕ್ಸ್ ನಿಯಮ. ವೇಗ ಏರಿಸಿದ ಪ್ರೊಸೆಸರು ಈ ಏರಿಳಿತಗಳನ್ನು ಸಹಿಸುವುದು ಇನ್ನೂ ಕಡಿಮೆ.

ಕಂಪೆನಿಯ ಹೆಸರೊಂದನ್ನೇ ನೆಚ್ಚಿಕೊಳ್ಳುವವರಿಗೆ ಒಂದು ಪ್ರಸಂಗವನ್ನು ಹೇಳಬೇಕು. 2021ರಲ್ಲಿ ಗ್ರಾಫಿಕ್ಸ್ ಕಾರ್ಡುಗಳ ಕ್ಷಾಮ ಬಂದಿದ್ದ ಕಾಲ. ಅಮೆರಿಕದ ನ್ಯೂಎಗ್ ಎಂಬ ಮಾರಾಟ ಸಂಸ್ಥೆ ಕಾರ್ಡಿನೊಂದಿಗೆ ಬೇರೆ ವಸ್ತುಗಳನ್ನೂ ಕಟ್ಟಿ ಮಾರುತ್ತಿತ್ತು. ಕಾರ್ಡು ಬೇಕಾದವರು ಅವನ್ನೂ ಕೊಳ್ಳಲೇಬೇಕು. ಹಾಗೆ ಕಟ್ಟಿಕೊಟ್ಟವುಗಳಲ್ಲಿ ಗಿಗಾಬೈಟ್ ಕಂಪೆನಿಯ ಜಿಪಿ-ಪಿ850ಜಿಎಂ ಮತ್ತು ಜಿಪಿ-ಪಿ750ಜಿಎಂ ಎಂಬ ಎಸ್‌ಎಂಪಿಎಸ್‌ಗಳೂ ಇದ್ದವು. ಎರಡಕ್ಕೂ ಗೋಲ್ಡ್ ಮುದ್ರೆಯಿತ್ತು, ಕಂಪೆನಿಗೆ ಜಗತ್ತಿನಾದ್ಯಂತ ಹೆಸರಿತ್ತು. ಆದರೂ ಸ್ವತಂತ್ರ ಪರೀಕ್ಷಕರ ಮೇಜಿನ ಮೇಲೆ ಅವು ಸಿಡಿದವು. ಒಟ್ಟು ಹೊರೆ ಮೀರಿದಾಗ ಆರಿಹೋಗಬೇಕಾದ ರಕ್ಷಣೆಯ ಗಡಿಯನ್ನು ನಾಮಾಂಕಿತ ಸಾಮರ್ಥ್ಯದ ಶೇ. 120ರಿಂದ 150ರವರೆಗೆ ಇಟ್ಟಿದ್ದರು. ಆ ವರ್ಷದ ಆಗಸ್ಟಿನಲ್ಲಿ ಕಂಪೆನಿ ಹೇಳಿಕೆ ಕೊಟ್ಟು ಗಡಿಯನ್ನು ಶೇ. 110ರಿಂದ 120ಕ್ಕೆ ಇಳಿಸಿತು. ಗೊತ್ತಾದ ಸರಣಿಸಂಖ್ಯೆಗಳವನ್ನು ಬದಲಾಯಿಸಿ ಕೊಡುವುದಾಗಿಯೂ ಒಪ್ಪಿತು. ಇದರಿಂದ ಆ ಕಂಪೆನಿಯ ಎಲ್ಲ ವಸ್ತುಗಳೂ ಕೆಟ್ಟವೆಂದು ಅರ್ಥವಲ್ಲ. ಒಂದೇ ಹೆಸರಿನ ಕೆಳಗೆ ಬೇರೆ ಬೇರೆ ಕಾರ್ಖಾನೆಗಳು ಮಾಡಿದ ಬೇರೆ ಬೇರೆ ಮಾದರಿಗಳಿರುತ್ತವೆ. ಆದುದರಿಂದ ವಿಚಾರಿಸಬೇಕಾದುದು ಮಾದರಿಯನ್ನು. ಹೊರೆ ಹಾಕಿ, ಅಳೆದು, ಪೆಟ್ಟಿಗೆ ಬಿಚ್ಚಿ ತೋರಿಸಿದ ಪರೀಕ್ಷಾವರದಿ ಆ ಮಾದರಿಗೆ ಇದೆಯೇ ಎಂದು ಮಗನಿಗೆ ಹುಡುಕಲು ಹೇಳಿ. ಕೊಂಡವರು ಎರಡನೆಯ ದಿನ ಬರೆದ 'ತುಂಬ ಚೆನ್ನಾಗಿದೆ' ಎಂಬ ಸಾಲುಗಳು ಸಾಕ್ಷ್ಯವಾಗಲಾರವು.

ಇಷ್ಟೆಲ್ಲ ನೋಡಿ ತಂದರೂ ಅದನ್ನು ಸಿಕ್ಕಿಸುವುದು ನಮ್ಮ ಮನೆಯ ಗೋಡೆಗೆ. ಕ್ಯಾಬಿನೆಟ್ಟಿನ ಲೋಹವನ್ನು ಮುಟ್ಟಿದಾಗ ಚುಳ್ಳೆನ್ನುವುದು ನಮ್ಮೂರಿನ ಎಷ್ಟೋ ಮನೆಗಳಲ್ಲಿ ನಿತ್ಯದ ಅನುಭವ. 'ಸ್ವಲ್ಪ ಶಾಕ್ ಹೊಡೆಯುತ್ತದೆ, ಪರವಾಗಿಲ್ಲ' ಎಂದು ಚಪ್ಪಲಿ ಹಾಕಿಕೊಂಡು ಕೂರುವವರಿದ್ದಾರೆ. ಎಸ್‌ಎಂಪಿಎಸ್‌ನ ಬಾಗಿಲಲ್ಲೇ ಇರುವ ಶೋಧಕದ ಪುಟ್ಟ ಕೆಪಾಸಿಟರುಗಳು ಅತ್ಯಲ್ಪ ಪ್ರವಾಹವನ್ನು ಅರ್ತ್ ತಂತಿಗೆ ಬಿಡುತ್ತವೆ. ಅರ್ತ್ ಇದ್ದರೆ ಅದು ನೆಲ ಸೇರುತ್ತದೆ. ಇಲ್ಲದಿದ್ದರೆ ಪೆಟ್ಟಿಗೆಯ ಮೈ ಸುಮಾರು 115 ವೋಲ್ಟಿಗೆ ಏರಿ ನಿಲ್ಲುತ್ತದೆ. ಆ ಅಲ್ಪ ಪ್ರವಾಹ ಕೊಲ್ಲುವುದಿಲ್ಲ ಎಂಬುದು ನಿಜ. ಆದರೆ ಅದು ಕೊಡುತ್ತಿರುವ ಸುದ್ದಿ ಅರ್ತ್ ಇಲ್ಲವೆಂಬುದು. ಮುಂದೊಂದು ದಿನ ಒಳಗೆ ನಿಜವಾಗಿಯೇ ಫೇಸ್ ತಂತಿ ಮೈಗೆ ತಗಲಿದರೆ ಕಾಯುವವರು ಯಾರೂ ಇಲ್ಲ. ಮೂರು ಪಿನ್ನಿನ ಪ್ಲಗ್ಗನ್ನು ಎರಡು ಪಿನ್ನಿನ ಅಡಾಪ್ಟರಿಗೆ ಸಿಕ್ಕಿಸುವುದನ್ನು ಮೊದಲು ನಿಲ್ಲಿಸಬೇಕು. ಎಲೆಕ್ಟ್ರಿಷಿಯನ್ ಒಬ್ಬರನ್ನು ಕರೆಸಿ ಅರ್ತನ್ನು ಅಳೆಯಿಸಬೇಕು, ಇ.ಎಲ್.ಸಿ.ಬಿ.ಯ ಪರೀಕ್ಷಾ ಗುಂಡಿಯನ್ನು ಒತ್ತಿ ಅದು ಬೀಳುತ್ತದೆಯೇ ನೋಡಬೇಕು. ಈ ಖರ್ಚು ಎಸ್‌ಎಂಪಿಎಸ್‌ನ ಖರ್ಚಿನಲ್ಲಿಯೇ ಸೇರಿದ್ದು ಎಂದು ತಿಳಿಯಿರಿ.

ಹಳೆಯ ಮಾದರಿಯ ಅಗ್ಗದ ಪೆಟ್ಟಿಗೆಗಳ ಹಿಂಭಾಗದಲ್ಲಿ 115/230 ಎಂದು ಬರೆದ ಕೆಂಪು ಗುಂಡಿ ಇರುತ್ತದೆ. ಮನೆಯ ಪುಟ್ಟ ಮಗುವೊಂದು ಕುತೂಹಲದಿಂದ ಅದನ್ನು 115ಕ್ಕೆ ಸರಿಸಿ ಸ್ವಿಚ್ ಹಾಕಿದರೆ ಢಮಾರ್! 100ರಿಂದ 240 ವೋಲ್ಟಿನವರೆಗೆ ತಾನೇ ಹೊಂದಿಕೊಳ್ಳುವ, ಆಕ್ಟಿವ್ ಪಿಎಫ್‌ಸಿ ಇರುವ ಪೆಟ್ಟಿಗೆಯೇ ನಮಗೆ ಯೋಗ್ಯ. ಸಂಜೆಯ ಹೊತ್ತು ವೋಲ್ಟೇಜು ಕುಸಿಯುವ ಊರುಗಳಲ್ಲಿ ಅದು ಆರದೆ ನಡೆಯುತ್ತದೆ. ಆದರೆ ಯು.ಪಿ.ಎಸ್. ಕೊಳ್ಳುವಾಗ ಎರಡು ಎಚ್ಚರಿಕೆ ಬೇಕು. ಪೆಟ್ಟಿಗೆಯ ಮೇಲಿನ 600 ವಿ.ಎ. ಎಂಬುದು ವ್ಯಾಟ್ ಅಲ್ಲ. ಸಾಮಾನ್ಯವಾಗಿ ಅದು 360 ವ್ಯಾಟ್ ಮಾತ್ರ. ಆಟದ ನಡುವೆ 500 ವ್ಯಾಟ್ ಎಳೆಯುವ ಯಂತ್ರವನ್ನು ಅದು ಹೊರಲಾರದು. ಎರಡನೆಯದಾಗಿ, ಚೌಕ ಅಲೆಯ ಅಗ್ಗದ ಯು.ಪಿ.ಎಸ್. ಮತ್ತು ಇನ್ವರ್ಟರುಗಳೊಂದಿಗೆ ಆಕ್ಟಿವ್ ಪಿಎಫ್‌ಸಿ ಎಸ್‌ಎಂಪಿಎಸ್‌ಗಳು ಕೆಲವೊಮ್ಮೆ ಹೊಂದುವುದಿಲ್ಲ. ಕರೆಂಟು ಹೋದ ಕ್ಷಣಕ್ಕೆ ಕಂಪ್ಯೂಟರೂ ಆರುತ್ತದೆ. ಶುದ್ಧ ಸೈನ್ ಅಲೆಯದೇ ಬೇಕೆಂದು ಕೇಳಿ, ಅಂಗಡಿಯಲ್ಲಿಯೇ ಪ್ಲಗ್ಗು ಕಿತ್ತು ತೋರಿಸಲು ಹೇಳಬಹುದು.

ಸಿಡಿಲಿಗೆ ಮಾತ್ರ ಇವಾವುವೂ ಉತ್ತರವಲ್ಲ. ಪತ್ತನಾಜೆಯ ಹಿಂದುಮುಂದಿನ ಗುಡುಗಿಗೂ ತುಲಾಮಾಸದ ಸಂಜೆಗಳಿಗೂ ಪ್ಲಗ್ಗನ್ನೂ ಇಂಟರ್ನೆಟ್ಟಿನ ತಂತಿಯನ್ನೂ ಕಿತ್ತಿಡುವುದೊಂದೇ ದಾರಿ. ಬಹುತೇಕ ವಾರಂಟಿ ಪತ್ರಗಳಲ್ಲಿ ಸಿಡಿಲು ಮತ್ತು ವೋಲ್ಟೇಜಿನ ಏರಿಳಿತದ ಹಾನಿಯನ್ನು ಹೊರಗಿಟ್ಟಿರುತ್ತಾರೆ. ಕೆಟ್ಟ ಎಸ್‌ಎಂಪಿಎಸ್ ಅನ್ನು ಮನೆಯಲ್ಲಿ ಬಿಚ್ಚಬಾರದು. ಪ್ಲಗ್ಗು ಕಿತ್ತ ಮೇಲೆಯೂ ಅದರ ದೊಡ್ಡ ಕೆಪಾಸಿಟರಿನಲ್ಲಿ 300 ವೋಲ್ಟಿಗೂ ಮೀರಿದ ಡಿ.ಸಿ. ಸ್ವಲ್ಪ ಕಾಲ ಉಳಿದಿರಬಹುದು. ಸೀಲು ಒಡೆದರೆ ವಾರಂಟಿಯೂ ಹೋಗುತ್ತದೆ.

ಇನ್ನು ತಂದೆಯ ಪ್ರಶ್ನೆ. ಸಿದ್ಧ ಕಂಪ್ಯೂಟರ್ ಕೊಂಡರೆ ಇಡೀ ಯಂತ್ರಕ್ಕೆ ಒಂದು ಕಂಪೆನಿ ಹೊಣೆ. ಬಿಡಿಭಾಗ ತಂದು ಜೋಡಿಸಿದರೆ ಹಾಗಿಲ್ಲ; ಎಂಟು ಭಾಗಗಳಿಗೆ ಎಂಟು ಒಪ್ಪಂದಗಳು, ಎಂಟು ವಾರಂಟಿಗಳು. ಇಡಿಯ ಯಂತ್ರಕ್ಕೆ ಹೊಣೆಗಾರ ನಿಮ್ಮ ಮಗ. ಮಿತಿ ಮೀರಿಸಿ ಓಡಿಸಿದುದರಿಂದಾದ ಹಾನಿಗೆ ತಮ್ಮ ವಾರಂಟಿ ಅನ್ವಯಿಸುವುದಿಲ್ಲವೆಂದು ಎಎಂಡಿ ಸ್ಪಷ್ಟವಾಗಿ ಬರೆದಿದೆ. ವೇಗ ಏರಿಸುವ ಸೌಲಭ್ಯವನ್ನು ತಾನೇ ಒದಗಿಸಿದ್ದರೂ ಕೂಡ. ಇಂಟೆಲ್‌ನ ನಿಲುವೂ ಬೇರೆಯಲ್ಲ. ಅಂಥವರಿಗಾಗಿ ಅದು ಪ್ರತ್ಯೇಕ ಹಣಕ್ಕೆ ಮಾರುತ್ತಿದ್ದ ರಕ್ಷಣಾ ಯೋಜನೆಯನ್ನು 2021ರಲ್ಲಿ ನಿಲ್ಲಿಸಿತು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ 87ನೆಯ ಕಲಂ ಕೂಡ, ಹಾನಿಯ ಸಮಯದಲ್ಲಿ ವಸ್ತುವನ್ನು ದುರುಪಯೋಗಪಡಿಸಿದ್ದರೆ ಅಥವಾ ಮಾರ್ಪಡಿಸಿದ್ದರೆ ಮಾರಾಟಗಾರನ ಮೇಲೆ ಉತ್ಪನ್ನ ಹೊಣೆಗಾರಿಕೆಯ ದಾವೆ ನಿಲ್ಲದೆಂದು ಹೇಳುತ್ತದೆ.

ಆದರೆ ಇಲ್ಲೊಂದು ಸೂಕ್ಷ್ಮವಿದೆ. ವೇಗ ಏರಿಸಿದ್ದು ಪ್ರೊಸೆಸರನ್ನು, ಎಸ್‌ಎಂಪಿಎಸ್ ಅನ್ನಲ್ಲ. 650 ವ್ಯಾಟ್ ಕೊಡುತ್ತೇನೆಂದು ಬರೆದುಕೊಟ್ಟ ಪೆಟ್ಟಿಗೆಯಿಂದ 460 ವ್ಯಾಟ್ ಪಡೆದವನು ಅದನ್ನು ಮಾರ್ಪಡಿಸಲೂ ಇಲ್ಲ, ದುರುಪಯೋಗಪಡಿಸಲೂ ಇಲ್ಲ. ಆ ಅಂಕಿಯೇ ತಯಾರಕನ ವ್ಯಕ್ತ ವಾಗ್ದಾನ. ಅಷ್ಟು ಹೊರೆಗೆ ಅದು ಸಿಡಿದು ಉಳಿದ ಭಾಗಗಳನ್ನು ಸುಟ್ಟರೆ ವಾದಿಸಲು ಗಟ್ಟಿಯಾದ ನೆಲೆ ನಮಗಿದೆ. ಚೀಟಿಯಲ್ಲಿ 216 ವ್ಯಾಟ್ ಎಂದು ಸಣ್ಣಕ್ಷರದಲ್ಲಿ ಬರೆದಿದ್ದ ಪೆಟ್ಟಿಗೆಯಿಂದ 400 ಎಳೆದವನಿಗೆ ಆ ನೆಲೆ ಇಲ್ಲ. ಸರಿಯಾದ ಅಳತೆಯದನ್ನು ಕೊಳ್ಳುವುದು ಯಂತ್ರಕ್ಕೆ ಮಾತ್ರವಲ್ಲ, ನಿಮ್ಮ ಹಕ್ಕಿಗೂ ಬೇಕು.

ಹೆಸರಿಲ್ಲದ ಪೆಟ್ಟಿಗೆಯ ತೊಂದರೆ ಇನ್ನೊಂದು ಬಗೆಯದು. ತಯಾರಕನಾರೆಂದೇ ತಿಳಿಯದಿದ್ದರೆ ಅಥವಾ ಅವನಿಗೆ ನೋಟೀಸು ತಲುಪಿಸಲಾಗದಿದ್ದರೆ ಮಾರಿದವನನ್ನೇ ಹೊಣೆ ಮಾಡಲು 86ನೆಯ ಕಲಂ ಅವಕಾಶ ಕೊಡುತ್ತದೆ. ಒಳ್ಳೆಯದೇ. ಆದರೆ ಅವನೇ ಮಾರಿದ್ದೆಂದು ತೋರಿಸುವುದು ಹೇಗೆ? 'ಬಿಲ್ಲು ಬೇಡವೆಂದರೆ ಇಷ್ಟು ಕಡಿಮೆ ಮಾಡಿಕೊಡುತ್ತೇನೆ' ಎಂಬ ಮಾತಿಗೆ ನಮ್ಮವರು ಬೇಗ ಒಪ್ಪುತ್ತಾರೆ. ಶೇ. 18ರ ಜಿ.ಎಸ್.ಟಿ. ಉಳಿಯಿತೆಂಬ ಸಂತೋಷದಲ್ಲಿ ಐದೋ ಏಳೋ ವರ್ಷದ ವಾರಂಟಿಯನ್ನು ಅಂಗಡಿಯಲ್ಲಿಯೇ ಬಿಟ್ಟುಬರುತ್ತಾರೆ. ಬಿಲ್ಲು ಕೊಡದಿರುವುದು ಕಾಯ್ದೆಯ ಪ್ರಕಾರ ಅನುಚಿತ ವ್ಯಾಪಾರ ಪದ್ಧತಿ. ದೋಷವಿರುವ ವಸ್ತುವನ್ನು ಬಿಲ್ಲಿನಲ್ಲಿ ಹೇಳಿದ ಅವಧಿಯೊಳಗೆ, ಅವಧಿ ಹೇಳದಿದ್ದರೆ 30 ದಿನಗಳೊಳಗೆ, ಹಿಂದಕ್ಕೆ ಪಡೆಯಲು ನಿರಾಕರಿಸುವುದೂ ಹಾಗೆಯೇ. 'ಮಾರಿದ ಸರಕನ್ನು ಹಿಂದಕ್ಕೆ ಪಡೆಯುವುದಿಲ್ಲ' ಎಂಬ ಮುದ್ರೆ ದೋಷವಿರುವ ಸರಕಿಗೆ ಅನ್ವಯಿಸದು.

ಬಿಲ್ಲು ತಂದೆಯ ಅಥವಾ ತಾಯಿಯ ಹೆಸರಿನಲ್ಲಿರಲಿ. ಹದಿನೆಂಟು ತುಂಬದವರು ಮಾಡಿಕೊಂಡ ಒಪ್ಪಂದ ನಮ್ಮ ಕಾನೂನಿನಲ್ಲಿ ಊರ್ಜಿತವಲ್ಲ. ಅಪ್ರಾಪ್ತವಯಸ್ಕನ ಪರವಾಗಿ ಪೋಷಕರು ದೂರು ಕೊಡಲು ಗ್ರಾಹಕ ಕಾಯ್ದೆ ಅವಕಾಶ ಕೊಟ್ಟಿದೆಯಾದರೂ, ಅನಾವಶ್ಯಕ ವಾದಕ್ಕೆ ಎಡೆ ಮಾಡುವುದೇಕೆ? ಬಿಲ್ಲಿನಲ್ಲಿ 'ಎಸ್‌ಎಂಪಿಎಸ್ 1' ಎಂದು ಬರೆಯದೆ ಕಂಪೆನಿ, ಮಾದರಿ, ಸರಣಿಸಂಖ್ಯೆ ಬರೆಯಿಸಬೇಕು.

ಗಡಿನಾಡಿನವರಿಗೆ ವಿಶೇಷವಾಗಿ ಹೇಳಬೇಕಾದ ಸಂಗತಿಯೊಂದಿದೆ. ನಮ್ಮಲ್ಲಿ ಹೆಚ್ಚಿನವರು ಇಂಥ ಸಾಮಾನುಗಳಿಗೆ ಮಂಗಳೂರಿಗೆ ಹೋಗುತ್ತಾರೆ. ಅಲ್ಲಿ ಕೊಂಡದ್ದು ಕೆಟ್ಟರೆ ಅಲ್ಲಿಯೇ ದಾವೆ ಹೂಡಬೇಕು, ಅದು ಬೇರೆ ರಾಜ್ಯ ಎಂಬ ಭಯದಿಂದ ಸುಮ್ಮನಾಗುವವರಿದ್ದಾರೆ. ಹಳೆಯ ಕಾಯ್ದೆಯಲ್ಲಿ ಆ ಭಯಕ್ಕೆ ಕಾರಣವಿತ್ತು. 2019ರ ಕಾಯ್ದೆಯ 34ನೆಯ ಕಲಂ ಪ್ರಕಾರ ದೂರುದಾರ ವಾಸಿಸುವ ಊರಿನ ಜಿಲ್ಲಾ ಆಯೋಗದಲ್ಲಿಯೇ ದೂರು ಕೊಡಬಹುದು. ಮಂಗಳೂರಿನ ಅಂಗಡಿಯ ಮೇಲೂ, ಆನ್‌ಲೈನಿನಲ್ಲಿ ದೆಹಲಿಯ ಮಾರಾಟಗಾರನಿಂದ ತರಿಸಿದ್ದರೆ ಅವನ ಮೇಲೂ ಕಾಸರಗೋಡಿನಲ್ಲಿಯೇ ದೂರು ಸಲ್ಲುತ್ತದೆ. ಕೊಟ್ಟ ಬೆಲೆ 5 ಲಕ್ಷ ರೂಪಾಯಿಯೊಳಗಿದ್ದರೆ ಶುಲ್ಕವಿಲ್ಲ, ಕಾರಣ ಉಂಟಾದ ದಿನದಿಂದ ಎರಡು ವರ್ಷದೊಳಗೆ ಸಲ್ಲಿಸಬೇಕು, ವಕೀಲರನ್ನು ಇಟ್ಟುಕೊಳ್ಳಲೇಬೇಕೆಂದಿಲ್ಲ. ಅದಕ್ಕೂ ಮೊದಲು 1915 ಎಂಬ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ ಕರೆ ಮಾಡಿ ನೋಡಬಹುದು.

ಹುಡುಗನ ಪಟ್ಟಿಗೆ ನಾನು ಸೂಚಿಸುವ ತಿದ್ದುಪಡಿ ಹೀಗಿದೆ. ಕ್ಯಾಬಿನೆಟ್ಟನ್ನು ಎಸ್‌ಎಂಪಿಎಸ್ ಇಲ್ಲದ್ದನ್ನೇ ಕೊಳ್ಳಲಿ. ಗಾಜಿನ ಬಾಗಿಲು, ಬಣ್ಣದ ದೀಪದ ಫ್ಯಾನುಗಳನ್ನು ಸದ್ಯಕ್ಕೆ ಬಿಟ್ಟು ಆ ಹಣವನ್ನು 650 ವ್ಯಾಟಿನ, ಪರೀಕ್ಷಾವರದಿಯಿರುವ, ಕನಿಷ್ಠ 5 ವರ್ಷದ ವಾರಂಟಿಯ ಎಸ್‌ಎಂಪಿಎಸ್‌ಗೆ ಹಾಕಲಿ. ಮೊದಲ ಒಂದು ತಿಂಗಳು ವೇಗ ಏರಿಸದೆ ನಡೆಸಲಿ. ದೋಷವಿದ್ದರೆ ಆ ಅವಧಿಯಲ್ಲಿಯೇ ಹೊರಬೀಳುವ ಸಂಭವ ಹೆಚ್ಚು, ಆಗ ಯಾರೂ ನಮ್ಮತ್ತ ಬೆರಳು ತೋರಲಾರರು. ಮತ್ತೊಂದು ಸಣ್ಣ ಕೆಲಸ: ಪೆಟ್ಟಿಗೆಯನ್ನು ಕ್ಯಾಬಿನೆಟ್ಟಿನೊಳಗೆ ಕೂರಿಸಿದ ಮೇಲೆ ಚೀಟಿ ಕಾಣಿಸುವುದಿಲ್ಲ. ಕೂರಿಸುವ ಮೊದಲು ಚೀಟಿಯ, ಸರಣಿಸಂಖ್ಯೆಯ ಹಾಗೂ ಬಿಲ್ಲಿನ ಫೋಟೋ ತೆಗೆದು ತಾಯಿಯ ಮೊಬೈಲಿಗೂ ಕಳುಹಿಸಿಡಲಿ. ಬಿಲ್ಲಿನ ಅಕ್ಷರಗಳು ಒಂದೆರಡು ವರ್ಷದಲ್ಲಿ ಮಾಸಿಹೋಗುತ್ತವೆ.